1.5 ಲಕ್ಷದಾಗ ದಿನಾ ಓಡಿಸಾಕ ಹಳೇ ಸಣ್ಣ ಕಾರು: ಏನೇನ ನೋಡಿ ತಗೋಬೇಕು?

ಸಪ್ತಾಪುರ_ಸವಾರ
ನಮಸ್ಕಾರರಿ. ಧಾರವಾಡದಿಂದ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾಕ್ಕ ದಿನಾ ಹೋಗಿ ಬರಾಕ ಹಳೇ ಸಣ್ಣ ಪೆಟ್ರೋಲ್ ಕಾರು ಬೇಕಾಗೈತಿ. ದಿನಕ್ಕ ಸುಮಾರು 50 ಕಿ.ಮೀ. ಎಲ್ಲಾ ಸೇರಿ ಕೈಯಾಗ 1.5 ಲಕ್ಷ. ಗೀರು, ಡೆಂಟ್ ಇದ್ರ ನಡೀತೈತಿ, ನಡುದಾರ್ಯಾಗ ನಿಲ್ಲಬಾರದು ಅಷ್ಟ. ನೋಡಿಟ್ಟಿದ್ದು ಮೂರು: 2009ರ ಆಲ್ಟೊ, ಕೆಎ-25, ಮೀಟರ್‌ನಾಗ 68,000. 2011ರ ವ್ಯಾಗನ್ ಆರ್, ಕೆಎ-63, 1,42,000. 2010ರ ಸ್ಯಾಂಟ್ರೊ ಝಿಂಗ್, ಎಂಎಚ್-09, 96,000. ಕಿಲೋಮೀಟರ್ ನೋಡಿದ್ರ ಆಲ್ಟೊ ಛಲೋ ಅನಸ್ತೈತಿ. ತಿಳಿದವ್ರು ಹೇಳ್ರಿ.

ಬೆಟಗೇರಿ_ಸ್ಪ್ಯಾನರ್
ಮೊದಲ ರೊಕ್ಕದ ಲೆಕ್ಕ ಸರಿ ಮಾಡ್ಕೊಳ್ರಿ. ಕೈಯಾಗ 1.5 ಲಕ್ಷ ಐತಿ ಅಂತ ಹೇಳಿ 1.5 ಲಕ್ಷದ ಗಾಡಿ ನೋಡಬ್ಯಾಡ್ರಿ. ಗಾಡಿಗೆ 1.05, ಹೆಚ್ಚಂದ್ರ 1.10 ಲಕ್ಷ. 30 ಸಾವಿರ ಮೊದಲನೇ ತಿಂಗಳ ಕೆಲಸಕ್ಕ ಬಾಜೂಕ ತೆಗೆದಿಡ್ರಿ. ಉಳಿದಿದ್ದು ಟ್ರಾನ್ಸ್‌ಫರ್, ಇನ್ಶೂರೆನ್ಸ್‌ಗೆ. ಹಳೇ ಗಾಡಿ ತಗೊಂಡು ಮೂರನೇ ತಿಂಗಳಿಗೆ ಅರ್ಧ ರೇಟಿಗೆ ಮಾರೋರು ಭಾಳ ಮಂದಿ ಅದಾರ. ಗಾಡಿ ಕೆಟ್ಟದ್ದಿರಂಗಿಲ್ಲ, ಟೈರು, ಬ್ರೇಕು, ಬೆಲ್ಟಿನ ಖರ್ಚು ಒಮ್ಮೆಲೇ ಬಂದು ನಿಂತಿರ್ತೈತಿ, ಕೈಯಾಗ ರೊಕ್ಕ ಇರಂಗಿಲ್ಲ.

ಇನ್ನ ಕಿಲೋಮೀಟರ್. 16 ವರ್ಷ ದಾಟಿದ ಆಲ್ಟೊ 68,000 ಓಡೇತಿ ಅಂದ್ರ ವರ್ಷಕ್ಕ 4,250, ದಿನಕ್ಕ 12 ಕಿ.ಮೀ. ಎರಡರಾಗ ಒಂದು: ಮೀಟರ್ ಹಿಂದ ತಿರುವ್ಯಾರ, ಇಲ್ಲಾ ಗಾಡಿ ಭಾಳ ದಿನ ನಿಂತೈತಿ. ನಿಂತ ಗಾಡಿದು ಬ್ಯಾರೇ ರೋಗ. ಹೋಸ್ ಪೈಪ್, ಆಯಿಲ್ ಸೀಲ್, ಟೈರು ಒಣಗಿ ಸೀಳಿರ್ತಾವ, ಟ್ಯಾಂಕಿನ ತಳಕ್ಕ ತುಕ್ಕು ಕುಂತಿರ್ತೈತಿ, ಬ್ರೇಕ್ ವ್ಹೀಲ್ ಸಿಲಿಂಡರ್ ಹಿಡಿದಿರ್ತಾವ. ವ್ಯಾಗನ್ ಆರ್ ವರ್ಷಕ್ಕ 9,500 ಓಡೇತಿ. ಮನಿ ಗಾಡಿಗೆ ಅದು ಒಪ್ಪೋ ಲೆಕ್ಕ. ವ್ಯಾಳ್ಯಾಕ್ಕ ಆಯಿಲ್ ಕಂಡ 1.4 ಲಕ್ಷದ ಎಂಜಿನ್, ಆಯಿಲ್ ಕಾಣದ 70 ಸಾವಿರದ ಎಂಜಿನ್‌ಗಿಂತ ಎಷ್ಟೋ ಮೇಲು.

ಮೀಟರ್ ಖರೇನೋ ಸುಳ್ಳೋ ಅಂತ ಗಾಡೀನ ಹೇಳ್ತೈತಿ. ಕ್ಲಚ್ ಪೆಡಲ್ಲಿನ ರಬ್ಬರ್ ನೋಡ್ರಿ, 68 ಸಾವಿರಕ್ಕ ಅದರ ಗೆರಿ ಪೂರಾ ಸವಿದು ನುಣ್ಣಗ ಆಗಂಗಿಲ್ಲ. ರಬ್ಬರ್ ಮಾತ್ರ ಹೊಸಾದಿದ್ರ ಯಾಕ ಬದಲಿಸಿದ್ರಿ ಅಂತ ಕೇಳ್ರಿ. ಡ್ರೈವರ್ ಸೀಟಿನ ಬಲಗಡೆ ಅಂಚು, ಗೇರ್ ಗುಂಡಿನ ಮ್ಯಾಲಿನ ಅಂಕಿ ನೋಡ್ರಿ. ಬಾನೆಟ್ ಒಳಗ ಇಲ್ಲಾ ಡೋರಿನ ಕಂಬಕ್ಕ ಆಯಿಲ್ ಬದಲಿ ಸ್ಟಿಕರ್ ಅಂಟಿಸಿರ್ತಾರ. ಮೀಟರ್ ತಿರುವಿದವ್ರು ಅದನ್ನ ಕಿತ್ತೋದು ಮರೀತಾರ. ಕಂಪನಿ ಸರ್ವಿಸ್ ಸೆಂಟರ್‌ನಾಗ ಆಗಿದ್ದ ಸರ್ವಿಸ್ ಇದ್ರ ತಾರೀಖು, ಕಿಲೋಮೀಟರ್ ಎರಡೂ ಅವರ ಕಂಪ್ಯೂಟರ್‌ನಾಗ ಇರ್ತಾವ. ಮಾಲೀಕರನ್ನ ಕರಕೊಂಡು ಹೋಗಿ ಕೇಳ್ರಿ.

ಮೂರ್_ಸಿಲಿಂಡರ್
ಮೇಲಿನ ಮಾತಿಗೆ ಎಂಜಿನ್ ವಿಷಯ ಸೇರಿಸ್ತೀನಿ. 2009ರ ಆಲ್ಟೊ 796 ಸಿಸಿ, ಮೂರು ಸಿಲಿಂಡರ್, ಟೈಮಿಂಗ್ ಬೆಲ್ಟ್ (ಎಂಜಿನ್ ವಾಲ್ವ್ ಆಡಸೋ ರಬ್ಬರ್ ಪಟ್ಟಿ, ಹರದ್ರ ಗಾಡಿ ನಿಂತಂಗ). ಸ್ಯಾಂಟ್ರೊ ಝಿಂಗ್ 1086 ಸಿಸಿ, ನಾಲ್ಕು ಸಿಲಿಂಡರ್, ಅದಕ್ಕೂ ಬೆಲ್ಟ್. ವ್ಯಾಗನ್ ಆರ್ 2010ರ ತನಕ 1061 ಸಿಸಿ, ಬೆಲ್ಟ್. 2010ರಾಗ ಬಂದ ಹೊಸ ವ್ಯಾಗನ್ ಆರ್‌ಗೆ 998 ಸಿಸಿ ಕೆ10 ಎಂಜಿನ್, ಟೈಮಿಂಗ್ ಚೈನ್.

ಬೆಲ್ಟ್ ಇದ್ದ ಗಾಡ್ಯಾಗ "ಬದಲಿಸೇವಿ" ಅನ್ನೋ ಮಾತಿಗೆ ಬಿಲ್ ಇಲ್ಲಂದ್ರ ಬದಲಿಸಿಲ್ಲ ಅಂತನ ಹಿಡೀರಿ. ರಬ್ಬರ್ ಬೆಲ್ಟಿಗೆ ಕಿಲೋಮೀಟರ್ ಒಂದ ಅಲ್ಲ, ವಯಸ್ಸೂ ಲೆಕ್ಕ. ಬೆಲ್ಟ್ ಬದಲಿಸುವಾಗ ಟೆನ್ಷನರ್, ಕ್ಯಾಮ್ ಮತ್ತ ಕ್ರ್ಯಾಂಕ್ ಆಯಿಲ್ ಸೀಲ್, ವಾಟರ್ ಪಂಪ್ ಕೂಡೇ ಹಾಕಸ್ರಿ. ಬಿಚ್ಚೋ ಕೂಲಿ ಒಂದ. ಆಯಿಲ್ ಸೀಲ್ ಹಳೇದ ಬಿಟ್ರ ಆಯಿಲ್ ಜಿನುಗಿ ಹೊಸ ಬೆಲ್ಟನ್ನ ತಿಂದ ಬಿಡ್ತೈತಿ.

ಚೈನ್ ಇದ್ದ ಕೆ10 ತಣ್ಣಗ ಇದ್ದಾಗ ಸ್ಟಾರ್ಟ್ ಮಾಡಿ ಕಿವಿ ಕೊಡ್ರಿ. ಒಂದೆರಡು ಸೆಕೆಂಡ್ ಕರಕರ ಅಂದು ನಿಂತ್ರ ಚಿಂತಿ ಇಲ್ಲ. ಮುಂದೂ ಹಂಗ ನಡೆದ್ರ ಚೈನ್ ಜಗ್ಗೇತಿ, ಇಲ್ಲಾ ಟೆನ್ಷನರ್ ಸೋತೈತಿ. ಇದು ವ್ಯಾಳ್ಯಾಕ್ಕ ಆಯಿಲ್ ಬದಲಿಸದವರ ಗಾಡಿ ರೋಗ. ಅದಕ್ಕ ಹೇಳೋದು: ನೋಡಾಕ ಬರೋ ಮುಂಚೆ ಗಾಡಿ ಚಾಲೂ ಮಾಡಬ್ಯಾಡ್ರಿ ಅಂತ ಮಾರೋರಿಗೆ ಫೋನ್‌ನಾಗ ತಿಳಸ್ರಿ. ಹೋದ ಕೂಡಲೇ ಬಾನೆಟ್ ಮ್ಯಾಲ ಅಂಗೈ ಇಡ್ರಿ. ಬೆಚ್ಚಗ ಇದ್ರ ಮರುದಿನ ಮುಂಜಾನೆ ಬರ್ತೀನಿ ಅಂತ ಹೇಳಿ ತಿರುಗಿ ಬರ್ರಿ. ತಣ್ಣನ ಎಂಜಿನ್ ಹೇಳೋದನ್ನ ಬಿಸಿ ಎಂಜಿನ್ ಮುಚ್ಚಿಡ್ತೈತಿ.

ಎರಿ_ನೆಲ
ಎಂಜಿನ್ ಬದಲಿಸಬಹುದು, ಬಾಡಿ ಕೊಳೆತ್ರ ಏನೂ ಮಾಡಾಕ ಬರಂಗಿಲ್ಲ. ನಮ್ಮ ನವಲಗುಂದ, ಗದಗ, ರೋಣ ಕಡೆ ಓಡಿದ ಗಾಡಿ ಅಂದ್ರ ಎರಿಮಣ್ಣು ನೋಡ್ರಿ. ಮಳೆಗಾಲದಾಗ ಚಕ್ರದ ಕಮಾನಿನ ಒಳಗ ಹತ್ತಿ ಸಿಮೆಂಟಿನಂಗ ಒಣಗತೈತಿ. ನೀರು ಹಿಡದಿಟ್ಕೊಳ್ಳೋ ಮಣ್ಣು ಅದು. ಒಳಗಿನ ತಗಡಿಗೆ ತಿಂಗಳಗಟ್ಟಲೆ ಹಸಿ ಹೋಗಂಗಿಲ್ಲ. ಮುಂದಿನ ಫೆಂಡರ್ ಹಿಂದಗಡೆ, ಬಾಗಲ ಕೆಳಗಿನ ಪಟ್ಟಿ ಶುರುವಾಗೋ ಮೂಲಿಯೊಳಗ ಕೈಬೆರಳು ಹಾಕಿ ಮಣ್ಣು ಕೆದರ್ರಿ. ಹೆಬ್ಬೆರಳಿನಿಂದ ಒತ್ತಿದ್ರ ತಗಡು ಹಪ್ಪಳದಂಗ ಮುರುಮುರು ಅಂದ್ರ ಅಲ್ಲಿಗೆ ಮುಗೀತು, ಆ ಗಾಡಿ ಬ್ಯಾಡ.

ಆಮ್ಯಾಲ ಕಾಲಡಿ ಮ್ಯಾಟ್ ಎತ್ತಿ ತಗಡು, ಡಿಕ್ಕ್ಯಾಗ ಸ್ಟೆಪ್ನಿ ತೆಗೆದು ಅದರ ತಳ, ಬಾನೆಟ್ ಒಳಗ ಶಾಕ್ ಅಬ್ಸಾರ್ಬರ್ ಮೇಲ್ತುದಿ ಕೂಡೋ ಜಾಗ, ಹಿಂದಿನ ಆಕ್ಸಲ್ ಬೋಲ್ಟ್ ಸುತ್ತ. ಈ ನಾಲ್ಕು ಜಾಗದಾಗ ತೂತು ಬಿದ್ದಿದ್ರ ವೆಲ್ಡಿಂಗ್ ಮಾಡ್ಸಿದ್ರೂ ನಂಬಬ್ಯಾಡ್ರಿ. ಡೋರಿನ ಅಂಚಿನ ತುಕ್ಕು, ಬಂಪರ್ ಗೀರಿಗೆ ತಲಿ ಕೆಡಿಸ್ಕೊಳ್ಳೋದು ಬ್ಯಾಡ, ಅದು ರೇಟ್ ಇಳಿಸಾಕ ಅನುಕೂಲ. ಸಣ್ಣ ಮ್ಯಾಗ್ನೆಟ್‌ಗೆ ತೆಳ್ಳನ ಅರಬಿ ಸುತ್ತಿ ಬಾಡಿ ಮ್ಯಾಲ ಸರಸ್ರಿ. ಹಿಡೀದ ಜಾಗದಾಗ ಪುಟ್ಟಿ ಐತಿ.

ಎಂಎಚ್-09 ಅಂದ್ರ ಕೊಲ್ಹಾಪುರ. 2019ರ ಆಗಸ್ಟ್‌ನಾಗ ಕೊಲ್ಹಾಪುರ, ಸಾಂಗ್ಲಿ, ನಮ್ಮ ಬೆಳಗಾವಿ, ಮಲಪ್ರಭಾ ದಂಡಿ ಎಲ್ಲಾ ನೀರಾಗಿತ್ತು. ಆ ಗಾಡಿ ಮುಳುಗಿತ್ತು ಅಂತ ಹೇಳ್ಳಿಕತ್ತಿಲ್ಲ, ತಪಾಸ ಮಾಡ್ರಿ ಅಂತ ಹೇಳ್ತೀನಿ. ಸೀಟ್ ಬೆಲ್ಟ್ ಪೂರಾ ತುದಿತನಕ ಹೊರಗ ಎಳೀರಿ. ದಿನಾ ಹೊರಗ ಬರದ ಕೊನೀ ಒಂದು ಮೊಳದ ಮ್ಯಾಲ ಮಣ್ಣಿನ ಕಲೆ ಇದ್ರ ನೀರು ಅಷ್ಟೆತ್ತರಕ್ಕ ಬಂದಿತ್ತು. ಸೀಟ್ ಕೆಳಗಿನ ಹಳಿ, ಡ್ಯಾಶ್‌ಬೋರ್ಡ್ ಅಡಿಯ ವೈರಿನ ಕಪ್ಲರ್ ಒಳಗ ಹಸರು ಬಣ್ಣದ ಕಿಲುಬು ಹುಡುಕ್ರಿ.

ಸಪ್ತಾಪುರ_ಸವಾರ
ಭಾಳ ಉಪಕಾರ ಆತ್ರಿ. ಒಂದು ಕೇಳೋದು ಐತಿ. ವ್ಯಾಗನ್ ಆರ್ ಮಾಲೀಕರು "ಬಿಸಿಲಿಗೆ ಹೀಟ್ ಆಗಬಾರದಂತ ಥರ್ಮೋಸ್ಟಾಟ್ ತೆಗೆಸಿ ಫ್ಯಾನ್ ಡೈರೆಕ್ಟ್ ಮಾಡ್ಸೇವಿ, ಚಿಂತಿ ಇಲ್ಲ" ಅಂದ್ರು. ಇದು ಛಲೋದೇನು?

ಬೆಟಗೇರಿ_ಸ್ಪ್ಯಾನರ್
ಛಲೋದಲ್ಲ. ಈ ಸುತ್ತಿನಾಗ ಹಳೇ ಗಾಡಿಗಳಿಗೆ ಆಗೋ ದೊಡ್ಡ ಅನ್ಯಾಯ ಇದು, ಹಿಂಗಾಗಿ ಸ್ವಲ್ಪ ಉದ್ದ ಬರೀತೀನಿ.

ಎಂಜಿನ್ ತಣ್ಣಗ ಇದ್ದಷ್ಟು ಛಲೋ ಅನ್ನೋದು ತಪ್ಪು. ಥರ್ಮೋಸ್ಟಾಟ್ ಕೆಲಸ ಏನಂದ್ರ ಎಂಜಿನ್ ಬಿಸಿ ಆಗೋತನಕ ನೀರನ್ನ ರೇಡಿಯೇಟರ್‌ಗೆ ಬಿಡದೇ ತಡಿಯೋದು. ಅದನ್ನ ತೆಗೆದ್ರ ಎಂಜಿನ್ ತನ್ನ ಬಿಸಿಗೆ ಮುಟ್ಟಾಕ ಭಾಳ ಹೊತ್ತು ಹಿಡೀತೈತಿ, ಥಂಡಿ ದಿನ ಮುಟ್ಟೋದೂ ಇಲ್ಲ. ಸೆನ್ಸರ್ "ಇನ್ನೂ ತಣ್ಣಗ ಐತಿ" ಅಂತ ಹೇಳ್ತಾ ಇರ್ತೈತಿ, ಇಸಿಎಂ (ಎಂಜಿನ್ ಕಂಪ್ಯೂಟರ್) ಪೆಟ್ರೋಲ್ ಹೆಚ್ಚ ಬಿಡ್ತೈತಿ. ಮೈಲೇಜ್ ಇಳೀತೈತಿ, ಪ್ಲಗ್ ಕರ್ರಗ ಆಗ್ತಾವ, ಸುಡದ ಪೆಟ್ರೋಲ್ ಸಿಲಿಂಡರ್ ಗೋಡಿಯ ಆಯಿಲ್ ತೊಳದು ಪಿಸ್ಟನ್ ರಿಂಗ್ ಸವೀತಾವ.

ಫ್ಯಾನ್ ಡೈರೆಕ್ಟ್ ಮಾಡಿದ್ರ ಕೀ ತಿರುವಿದ ಕೂಡಲೇ ತಣ್ಣನ ಗಾಡ್ಯಾಗೂ ಫ್ಯಾನ್ ತಿರಗತೈತಿ. ಮೋಟಾರ್ ವ್ಯಾಳ್ಯಾಕ್ಕ ಮುಂಚೆ ಸುಡ್ತೈತಿ, ಡೈನಮೋ ಮ್ಯಾಲ ಭಾರ. ಫ್ಯಾನ್ ನಿಂತಿದ್ದು ಗೊತ್ತಾಗೋದು ಟ್ರಾಫಿಕ್‌ನಾಗ ನೀರು ಕುದ್ದ ಮ್ಯಾಲ.

ಅದಕ್ಕಿಂತ ಮುಖ್ಯ ಪ್ರಶ್ನೆ: ಹೀಟ್ ಆಗ್ತಿದ್ದ ಕಾರಣ ಏನು? ಬಹಳ ಸಲ ಕಾರಣ ಬೋರ್ ನೀರು. ಗದಗ, ನವಲಗುಂದ ಕಡೆ ಬೋರಿನ ನೀರು ಗಡಸು, ಸವಳು. ಕೂಲಂಟ್ ಬದಲಿ ಅದನ್ನ ಹಾಕಿದ್ರ ಚಹಾ ಕಾಯಿಸೋ ಪಾತೇಲಿ ತಳಕ್ಕ ಬಿಳೀ ಪದರ ಕೂಡ್ತೈತಲ್ಲ, ಹಂಗ ರೇಡಿಯೇಟರಿನ ಸಣ್ಣ ಕೊಳವ್ಯಾಗ ಸುಣ್ಣ ಕಟ್ಟಿ ಅರ್ಧ ಮುಚ್ಚತಾವ. ಮೂಲ ಹಂಗ ಬಿಟ್ಟು ಥರ್ಮೋಸ್ಟಾಟ್ ಕಿತ್ತಾರ.

ತಣ್ಣಗ ಇದ್ದಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೀರಿ. ಬಿಸಿ ಇದ್ದಾಗ ಮುಟ್ಟಿದ್ರ ಮಾರಿ ಸುಡ್ತೈತಿ. ಒಳಗ ಹಸರು ಇಲ್ಲಾ ಗುಲಾಬಿ ನೀರು ಇರಬೇಕು. ಇಟ್ಟಂಗಿ ಬಣ್ಣದ ನೀರಿದ್ರ ಒಳಗ ತುಕ್ಕು. ಮ್ಯಾಲ ಆಯಿಲ್ ತೇಲಿದ್ರ, ಚಾಲೂ ಇದ್ದಾಗ ಗುಳ್ಳಿ ಎಡಬಿಡದೇ ಬಂದ್ರ ಹೆಡ್ ಗ್ಯಾಸ್ಕೆಟ್ ಹೋಗೇತಿ, ವಾಪಸ್ ಬರ್ರಿ. ಅಷ್ಟು ಕೆಟ್ಟಿಲ್ಲಂದ್ರ ರೇಡಿಯೇಟರ್, ಥರ್ಮೋಸ್ಟಾಟ್, ಮುಚ್ಚಳ, ಎರಡೂ ಹೋಸ್ ಪೈಪ್, ಫ್ಯಾನ್ ವೈರಿಂಗ್ ಹೊಸಾದು ಅಂತ ಲೆಕ್ಕ ಹಾಕಿ ಆ ರೊಕ್ಕ ಗಾಡಿ ರೇಟಿನಾಗ ಕಡಿಮಿ ಕೇಳ್ರಿ.

ಕಾಗದಪತ್ರ_63
ಎಂಜಿನ್ ಬಗ್ಗೆ ಮೇಲಿನವರು ಹೇಳಿದ್ದಾರೆ. ಕಾಗದದ ಮಾತು ನಾನು ಹೇಳುತ್ತೇನೆ. ಕಡಿಮೆ ಬೆಲೆಯ ಗಾಡಿಯಲ್ಲಿ ಲಾಭವೆಲ್ಲ ಇಲ್ಲೇ ಕರಗುವುದು.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2009ರ ಆಲ್ಟೊಗೆ 2024ರಲ್ಲೇ ಮುಗಿದಿರುತ್ತದೆ. ಆರ್‌ಸಿಯಲ್ಲಿ 2029ರ ತಾರೀಖು ಇದೆಯೇ ನೋಡಿ. ಸ್ಯಾಂಟ್ರೊಗೆ 2025, ವ್ಯಾಗನ್ ಆರ್‌ಗೆ 2026. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಕಾಣುತ್ತದೆ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ ₹5,000. 2025ರ ಆಗಸ್ಟ್‌ನ ಆದೇಶದ ಪ್ರಕಾರ 20 ವರ್ಷ ದಾಟಿದ್ದರೆ ₹10,000. ತಡವಾದರೆ ತಿಂಗಳಿಗೆ ₹500 ಹೆಚ್ಚುವರಿ, ಜೊತೆಗೆ ಹಸಿರು ತೆರಿಗೆ. ನವೀಕರಣಕ್ಕೆ ಫಾರ್ಮ್ 25 ಕೊಟ್ಟು ಗಾಡಿಯನ್ನು ತಪಾಸಣೆಗೆ ಒಯ್ಯಬೇಕು. ಅವಧಿ ಮುಗಿದ ಗಾಡಿಯಾದರೆ ನವೀಕರಣ ಮಾರುವವರ ಹೆಸರಿನಲ್ಲೇ ಆಗಲಿ, ಆಮೇಲೆ ದುಡ್ಡು ಕೊಡಿ.

ವರ್ಗಾವಣೆಗೆ ಫಾರ್ಮ್ 29 ಮತ್ತು 30. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ). ಸಾಲ ತೀರಿ ಹತ್ತು ವರ್ಷವಾಗಿದ್ದರೂ ಹೆಸರು ತೆಗೆಸದೆ ಬಿಟ್ಟಿರುತ್ತಾರೆ. ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಫಾರ್ಮ್ 31ರಲ್ಲಿ ಆಗಬೇಕು. ಮಾರುವವರ ಮೊಬೈಲಿಗೆ ಒಟಿಪಿ ಬರುತ್ತದೆ, ಆದ್ದರಿಂದ ಆರ್‌ಸಿಗೆ ಜೋಡಿಸಿದ ನಂಬರ್ ಚಾಲ್ತಿಯಲ್ಲಿದೆಯೇ ಅಂತ ಮುಂಗಡ ಕೊಡುವ ಮೊದಲೇ ಕೇಳಿ. ನಡುವೆ ಇಬ್ಬರು ಮೂವರ ಕೈ ದಾಟಿ ಬಂದು ಆರ್‌ಸಿ ಮಾತ್ರ ಮೊದಲಿನವರ ಹೆಸರಲ್ಲೇ ಉಳಿದ ಗಾಡಿ ಬಹಳ ಇವೆ. ಆ ಮೊದಲಿನವರು ಸಿಗದಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ಸ್ಯಾಂಟ್ರೊ ಮಹಾರಾಷ್ಟ್ರದ್ದು. ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ತರಬೇಕು, ಇಲ್ಲಿ ಗಾಡಿಯ ವಯಸ್ಸಿನ ಲೆಕ್ಕದಲ್ಲಿ ಆಜೀವ ತೆರಿಗೆ ಕಟ್ಟಬೇಕು, ಹೊಸ ಕೆಎ ನಂಬರ್ ಪಡೆಯಬೇಕು. ಅಗ್ಗವಾಗಿ ಕಾಣುವ ಹತ್ತಿಪ್ಪತ್ತು ಸಾವಿರ ಅಲ್ಲೇ ಹೋಗುತ್ತದೆ.

ವಿಮೆಯಲ್ಲೂ ವ್ಯತ್ಯಾಸ ಇದೆ. 2022ರ ಜೂನ್‌ನಲ್ಲಿ ನಿಗದಿಯಾದ ಥರ್ಡ್ ಪಾರ್ಟಿ (ಬೇರೆಯವರಿಗೆ ಆದ ಹಾನಿಯ ವಿಮೆ) ದರ 1000 ಸಿಸಿ ಒಳಗಿನ ಕಾರಿಗೆ ₹2,094, ಅದರ ಮೇಲೆ 1500 ಸಿಸಿವರೆಗೆ ₹3,416, ತೆರಿಗೆ ಬೇರೆ. ಆಲ್ಟೊ, ವ್ಯಾಗನ್ ಆರ್ ಮೊದಲನೆಯದಕ್ಕೆ ಸೇರುತ್ತವೆ, ಸ್ಯಾಂಟ್ರೊ ಎರಡನೆಯದಕ್ಕೆ. ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ) ಗಾಡಿಯ ಜೊತೆ ಬರುವುದಿಲ್ಲ, ಅದು ಹಳೆಯ ಮಾಲೀಕರದು.

ಏಲಕ್ಕಿ_ಊರಾಂವ
ಸ್ಯಾಂಟ್ರೊ ಬಗ್ಗೆ ಇಷ್ಟು ಕಟುವಾಗಿ ಹೇಳಬ್ಯಾಡ್ರಿ. ನಾಲ್ಕು ಸಿಲಿಂಡರ್ ಎಂಜಿನ್ ಮೆತ್ತಗ ಓಡ್ತದ, ಎಸಿ ಛಲೋ, ಎತ್ತರಕ್ಕ ಕೂತಂಗ ಆಗ್ತದ, ವಯಸ್ಸಾದವರಿಗೆ ಹತ್ತಿ ಇಳಿಯಾಕ ಹಗುರ. ಕೆಎ-27, ಕೆಎ-68 ನಂಬರಿನ ಸ್ಯಾಂಟ್ರೊ ಹಾವೇರಿ, ರಾಣೆಬೆನ್ನೂರು ಕಡೆ ಹುಡುಕಿದ್ರ ಸಿಗ್ತಾವ, ತೆರಿಗಿ ತಲಿನೋವು ಇಲ್ಲ. ಮೂರೂ ಪೂರಾ ಒಂದ ಸ್ಥಿತಿಯೊಳಗ ಇದ್ರ ವ್ಯಾಗನ್ ಆರ್ ಅಂತ ನಾನೂ ಹೇಳ್ತೀನಿ. ಸಾಮಾನು ಯಾವ ಊರಿನ ಅಂಗಡ್ಯಾಗರ ಸಿಗ್ತದ.

ಒಂದು ಎಚ್ಚರಿಕಿ. ಹಳೇ ವ್ಯಾಗನ್ ಆರ್‌ನಾಗ ಎಲ್‌ಪಿಜಿ ಕಿಟ್ ಇದ್ದವು ಬಹಳ ಅದಾವ. ಆರ್‌ಸಿ ಒಳಗ ಇಂಧನ ಏನಂತ ಬರದಾರ, ಗಾಡ್ಯಾಗ ಏನದ, ಎರಡೂ ಹೊಂದಬೇಕು. ಕಿಟ್ ಕಿತ್ತು ಮಾರಿದ್ರೂ ಡಿಕ್ಕಿಯ ತಳದಾಗ ಸಿಲಿಂಡರಿನ ಬೋಲ್ಟ್ ತೂತು ಉಳೀತಾವ. ಬರೇ ಗ್ಯಾಸ್ ಮ್ಯಾಲ ಓಡಿದ ಎಂಜಿನ್‌ಗೆ ವಾಲ್ವ್ ಸೀಟ್ ಸವೀತಾವ. ಅಂಥಾದ್ದಕ್ಕ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡದೇ ರೊಕ್ಕ ಕೊಡಬ್ಯಾಡ್ರಿ.

ಮೂರ್_ಸಿಲಿಂಡರ್
ಕಂಪ್ರೆಷನ್ ನೋಡೋದು ಹಿಂಗ. ಎಂಜಿನ್ ಬಿಸಿ ಮಾಡಿ, ಪೆಟ್ರೋಲ್ ಮತ್ತ ಕರೆಂಟ್ ಬಂದ್ ಮಾಡಿ, ಎಲ್ಲಾ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರಾ ಒತ್ತಿ, ಒಂದೊಂದ ಸಿಲಿಂಡರ್‌ಗೆ ಗೇಜ್ ಹಾಕಿ ಸೆಲ್ಫ್ ಹೊಡೀಬೇಕು. ಸಿಲಿಂಡರ್ ನಡುವಿನ ಫರಕು 1 ಕೆಜಿ (ಒಂದು ಚದರ ಸೆಂ.ಮೀ.ಗೆ) ದಾಟಬಾರದು. ಒಂದು ಕಡಿಮಿ ಬಂದ್ರ ಅದರಾಗ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತ ನೋಡ್ರಿ. ಏರಿದ್ರ ರಿಂಗ್ ಸವೆದಾವ. ಏರಲಿಲ್ಲಂದ್ರ ವಾಲ್ವ್, ಇಲ್ಲಾ ಗ್ಯಾಸ್ಕೆಟ್.

ಗೇಜ್ ಇಲ್ಲದ ಜಾಗದಾಗ: ಚಾಲೂ ಇದ್ದಾಗ ಆಯಿಲ್ ಹಾಕೋ ಮುಚ್ಚಳ ಬಿಚ್ಚಿ ಅದ ಬಾಯಿ ಮ್ಯಾಲ ಬೋರಲಾಗಿ ಇಡ್ರಿ. ಸಣ್ಣಗ ನಡುಗಿದ್ರ ಸರಿ, ಕುಣಿದು ಬಿದ್ರ ರಿಂಗ್ ಸೋತಾವ. ಐದು ನಿಮಿಷ ಹಂಗ ಚಾಲೂ ಬಿಟ್ಟು ಒಮ್ಮೆ ರೇಸ್ ಕೊಡ್ರಿ, ನೀಲಿ ಹೊಗಿ ಒಮ್ಮೆ ಬಂದು ನಿಂತ್ರ ವಾಲ್ವ್ ಸೀಲ್. ಅದು ಸಣ್ಣ ಕೆಲಸ, ಅಷ್ಟಕ್ಕ ಗಾಡಿ ಬಿಡಬ್ಯಾಡ್ರಿ. ಏರಿನಾಗ ಎಡಬಿಡದೇ ನೀಲಿ ಹೊಗಿ ಅಂದ್ರ ರಿಂಗ್.

ಡ್ಯಾಶ್‌ಬೋರ್ಡಿನ ಎಂಜಿನ್ ಲೈಟ್ ಸಹ ನೋಡ್ರಿ. ಕೀ ಆನ್ ಮಾಡಿದಾಗ ಹತ್ತಬೇಕು, ಚಾಲೂ ಆದ ಮ್ಯಾಲ ಆರಬೇಕು. ಕೀ ಆನ್ ಮಾಡಿದ್ರೂ ಹತ್ತಲಿಲ್ಲಂದ್ರ ಬಲ್ಬ್ ಕಿತ್ತಾರ, ಒಳಗ ಏನೋ ಮುಚ್ಚಿಟ್ಟಾರ.

ಓಡಿಸಿ ನೋಡಾಕ ಹುಬ್ಬಳ್ಳ್ಯಾಗ ನೃಪತುಂಗ ಬೆಟ್ಟದ ಏರು ಸಾಕು. ಏರಿನಾಗ ಮೂರನೇ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿದಾಗ ಸಪ್ಪಳ ಏರಿ ವೇಗ ಏರಲಿಲ್ಲಂದ್ರ ಕ್ಲಚ್ ಪ್ಲೇಟ್ ಮುಗದೈತಿ. ಇಳಿಜಾರಿನಾಗ ಬ್ರೇಕ್ ಒತ್ತಿದಾಗ ಸ್ಟೇರಿಂಗ್ ಒಂದ ಕಡೆ ಎಳೀಬಾರದು. ಖಾಲಿ ಮೈದಾನದಾಗ ಸ್ಟೇರಿಂಗ್ ಪೂರಾ ತಿರುವಿ ಎರಡೂ ಕಡೆ ನಿಧಾನ ಸುತ್ತು ಹೊಡೀರಿ, ಟಕ್ ಟಕ್ ಅಂದ್ರ ಆಕ್ಸಲ್ ಜಾಯಿಂಟ್. ಬೈಪಾಸ್‌ನಾಗ 80ಕ್ಕ ಹೂಂ ಅನ್ನೋ ಸಪ್ಪಳ ಬಂದು, ಗಾಡಿ ಓರೆ ಆದಾಗ ಹೆಚ್ಚು ಕಡಿಮಿ ಆದ್ರ ವ್ಹೀಲ್ ಬೇರಿಂಗ್.

ಸಪ್ತಾಪುರ_ಸವಾರ
ವ್ಯಾಗನ್ ಆರ್ ಅಂತ ಗಟ್ಟಿ ಮಾಡ್ದೆ, ಈ ತಪಾಸಣಿ ಎಲ್ಲಾ ದಾಟಿದ್ರ. ತಗೊಂಡ ಮ್ಯಾಲ ಕೆಲಸ ಯಾವ್ದು ಮೊದಲ? ಹಳೇ ಎಂಜಿನ್‌ಗೆ ದಪ್ಪನ 20ಡಬ್ಲ್ಯೂ-50 ಆಯಿಲ್ ಹಾಕ್ರಿ ಅಂತ ಒಬ್ರು ಹೇಳಿದ್ರು. ಹೊಸ ಪೆಟ್ರೋಲ್‌ನ ಇಥನಾಲ್ ಬಗ್ಗೆನೂ ಅಂಜಿಕಿ ಐತಿ.

ಬೆಟಗೇರಿ_ಸ್ಪ್ಯಾನರ್
ಮೊದಲ ನಿಲ್ಲಸೋದು, ಆಮ್ಯಾಲ ಓಡಸೋದು. ನಾಲ್ಕೂ ಚಕ್ರ ಬಿಚ್ಚಿಸಿ ಮುಂದಿನ ಪ್ಯಾಡ್, ಹಿಂದಿನ ಡ್ರಮ್ ಒಳಗಿನ ಶೂ ನೋಡ್ರಿ. ಪ್ಯಾಡ್ 3 ಮಿ.ಮೀ.ಗಿಂತ ಕಡಿಮಿ ಇದ್ರ ಹೊಸಾದು. ಡ್ರಮ್ ಒಳಗ ಹಸಿ ಇದ್ರ ವ್ಹೀಲ್ ಸಿಲಿಂಡರ್ ಸೋರ್ತೈತಿ. ಬ್ರೇಕ್ ಆಯಿಲ್ ಪೂರಾ ಬದಲಿಸ್ರಿ. ಟೈರಿನ ಬಾಜೂಕ ನಾಲ್ಕು ಅಂಕಿ ಇರ್ತಾವ, 2319 ಅಂದ್ರ 2019ರ 23ನೇ ವಾರ. ಗೆರಿ ಎಷ್ಟೇ ಉಳಿದಿದ್ರೂ ಏಳೆಂಟು ವರ್ಷದ ಟೈರು ಬಿಸಿಲಿಗೆ ಗಡಸಾಗಿ ಮಳಿಯೊಳಗ ಜಾರ್ತೈತಿ.

ಎರಡನೇದು ಕೂಲಿಂಗ್. ಹಳೇ ನೀರು ಖಾಲಿ ಮಾಡಿ ಆರ್‌ಒ ಇಲ್ಲಾ ಬ್ಯಾಟರಿ ನೀರು ತುಂಬಿ, ಹೀಟರ್ ಗುಂಡಿ ಪೂರಾ ಬಿಸಿಗೆ ಇಟ್ಟು, ಫ್ಯಾನ್ ಚಾಲೂ ಆಗೋತನಕ ಓಡಿಸಿ, ತಣ್ಣಗ ಆದ ಮ್ಯಾಲ ಮತ್ತ ಖಾಲಿ ಮಾಡ್ರಿ. ನೀರು ತಿಳಿ ಬರೋತನಕ ಎರಡು ಮೂರು ಸಲ. ಆಮ್ಯಾಲ ಕೂಲಂಟ್, ನೀರು ಅರ್ಧ ಅರ್ಧ. ಮ್ಯಾಲಿನ ಹೋಸ್ ಹಿಚುಕುತ್ತಾ ತುಂಬಿದ್ರ ಗಾಳಿ ಹೊರಗ ಬರ್ತೈತಿ. ಹೊಸ ಥರ್ಮೋಸ್ಟಾಟ್ ಸರಿ ಕೆಲಸ ಮಾಡ್ತೈತೋ ಇಲ್ಲೋ ಇದ ಹೋಸ್ ಹೇಳ್ತೈತಿ: ಚಾಲೂ ಮಾಡಿ ಕೆಲವು ನಿಮಿಷ ತಣ್ಣಗ ಇದ್ದು ಒಮ್ಮೆಲೇ ಬಿಸಿ ಆಗಬೇಕು. ಶುರುವಿನಿಂದ ಮೆಲ್ಲಕ ಬೆಚ್ಚಗಾದ್ರ ಅದು ತೆರೆದ ಉಳದೈತಿ.

ಆಯಿಲ್ ಮಾತು. ಕೆ10ಗೆ 5ಡಬ್ಲ್ಯೂ-30, ಸುಮಾರು 3 ಲೀಟರ್, ಫಿಲ್ಟರ್ ಕೂಡೇ. ದಪ್ಪನ ಆಯಿಲ್ ಹಾಕಿದ್ರ ತಣ್ಣನ ಎಂಜಿನ್‌ನಾಗ ಚೈನ್ ಟೆನ್ಷನರ್, ಕ್ಯಾಮ್ ತನಕ ಏರಾಕ ಹೊತ್ತು ಹಿಡೀತೈತಿ. ಸಪ್ಪಳ ಮುಚ್ಚಿ ಮಾರೋರು ಹಾಕೋ ಆಯಿಲ್ ಅದು. ಆಯಿಲ್ ಕುಡಿಯಾಕತ್ತಿದ್ರ 10ಡಬ್ಲ್ಯೂ-40 ತನಕ ಹೋಗಬಹುದು. ಮೊದಲನೇ ಬದಲಿ 2,000 ಕಿ.ಮೀ.ಗೆ, ಹಳೇ ಕೆಸರು ತೊಳದು ಬರ್ಲಿ. ಎರಡನೇದರಿಂದ 7,000ಕ್ಕ ಒಮ್ಮೆ. ಫ್ಲಶಿಂಗ್ ಆಯಿಲ್ ಬ್ಯಾಡ. ವರ್ಷಗಟ್ಟಲೆ ಕುಂತ ಕೆಸರು ಒಮ್ಮೆಲೇ ಎದ್ರ ಆಯಿಲ್ ಪಂಪಿನ ಜಾಳಗಿ ಮುಚ್ಚತೈತಿ. ಪ್ಲಗ್ ಮೂರು, ಏರ್ ಫಿಲ್ಟರ್, ಗೇರ್ ಆಯಿಲ್ ಆಮ್ಯಾಲ. ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್ ಬುಷ್, ಎಸಿ ಎಲ್ಲಾ ಎರಡನೇ ತಿಂಗಳಿಗೆ ಇರ್ಲಿ.

ಮೂರ್_ಸಿಲಿಂಡರ್
ಇಥನಾಲ್ ಬಗ್ಗೆ ನಾನು ಹೇಳ್ತೀನಿ. 20 ಪರ್ಸೆಂಟ್ ಮಿಶ್ರಣಕ್ಕ ಹೊಂದೋ ಸಾಮಾನು ಹಾಕಿ ಗಾಡಿ ಮಾಡಾಕ ಶುರು ಆಗಿದ್ದು 2023ರ ಏಪ್ರಿಲ್‌ನಿಂದ. 2011ರ ಗಾಡಿ ರಬ್ಬರ್ ಅದಕ್ಕ ಮಾಡಿದ್ದಲ್ಲ, ಮ್ಯಾಲ 15 ವರ್ಷ ಹಳೇದು. ಟ್ಯಾಂಕಿನಿಂದ ಇಂಜೆಕ್ಟರ್ ತನಕ ಇರೋ ರಬ್ಬರ್ ಪೈಪ್ ಎಲ್ಲಾ ಇಂಜೆಕ್ಷನ್ ಗಾಡಿಗೆ ಅಂತ ಬರೋ ಹೈ ಪ್ರೆಶರ್ ಹೋಸ್ ಹಾಕಿ ಬದಲಿಸ್ರಿ, ಕ್ಲಾಂಪ್ ಸಹ ಹೊಸಾವು. ಬಾನೆಟ್ ತೆಗೆದಾಗ ಪೆಟ್ರೋಲ್ ವಾಸನಿ ಬಂದ್ರ ಅವತ್ತ ಗಾಡಿ ಓಡಿಸಬ್ಯಾಡ್ರಿ. ಇಥನಾಲ್ ನೀರು ಎಳಕೊಳ್ತೈತಿ, ಹಂಗಾಗಿ ಧಾರವಾಡದ ಮಳೆಗಾಲದಾಗ ಅರ್ಧ ಟ್ಯಾಂಕಿಗಿಂತ ಮ್ಯಾಲ ಇಡ್ರಿ, ತಿಂಗಳಗಟ್ಟಲೆ ನಿಲ್ಲಿಸಬ್ಯಾಡ್ರಿ. ಮೈಲೇಜ್ ಸ್ವಲ್ಪ ಇಳೀತೈತಿ, ಅದಕ್ಕ ಗ್ಯಾರೇಜಿಗೆ ಅಡ್ಡಾಡೋದು ಬ್ಯಾಡ.

ಎರಿ_ನೆಲ
ಇಲಿ ಮರೀಬ್ಯಾಡ್ರಿ. ಹೊಲದ ಬಾಜೂಕ ನಿಲ್ಲಿಸೋರಿಗೆ ಸುಗ್ಗಿ ಮುಗಿದ ಮ್ಯಾಲ ಇಲಿ ಬಾನೆಟ್ ಒಳಗ ಬರ್ತಾವ. ಏರ್ ಫಿಲ್ಟರ್ ಡಬ್ಬಿ ತೆಗೆದು ಗೂಡು ಐತೇನು, ಇಂಜೆಕ್ಟರ್ ವೈರ್ ಕಡದಾವೇನು ಅಂತ ತಗೊಳ್ಳೋ ಮುಂಚೆ ನೋಡ್ರಿ. ಟೇಪ್ ಸುತ್ತಿದ ವೈರ್ ಕಂಡ್ರ ಟೇಪ್ ಬಿಚ್ಚಿ ನೋಡ್ರಿ.

ಸಪ್ತಾಪುರ_ಸವಾರ
ಕಡೀ ಪ್ರಶ್ನೆ. ಮುಂಗಡ ಎಷ್ಟು ಕೊಡಬೇಕು? ಕೀ ಇಸ್ಕೊಳ್ಳುವಾಗ ಏನು ಬರಸ್ಕೋಬೇಕು?

ಕಾಗದಪತ್ರ_63
ಮುಂಗಡ ಐದು ಸಾವಿರ ಸಾಕು, ಅದೂ ಆನ್‌ಲೈನ್‌ನಲ್ಲಿ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ. ಉಳಿದದ್ದು ಫಾರ್ಮ್ 29, 30ಕ್ಕೆ ಸಹಿ ಮತ್ತು ಒಟಿಪಿ ಆದ ಮೇಲೆ. ಅವರು ಖಾಲಿ ಫಾರ್ಮಿಗೆ ಸಹಿ ಹಾಕಿ ಕೊಟ್ಟರೆ ಒಪ್ಪಬೇಡಿ, ನಿಮ್ಮ ಹೆಸರು, ತಾರೀಖು ತುಂಬಿ ಆಮೇಲೆ ಸಹಿ. ಬಾಕಿ ದಂಡ ಇದೆಯೇ ಅಂತ ಅಂದೇ ಆನ್‌ಲೈನ್‌ನಲ್ಲಿ ನೋಡಿ, ಇದ್ದರೆ ಅವರಿಂದಲೇ ಕಟ್ಟಿಸಿ. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಯಾದ್ದರಿಂದ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯೂರಿಟಿ ನಂಬರ್) ಪ್ಲೇಟ್ ಹಾಕಿಸಿದ್ದಾರೆಯೇ ಅಂತಲೂ ನೋಡಿ.

ಡೆಲಿವರಿ ನೋಟ್ ಎರಡು ಪ್ರತಿ ಬರೆಸಿ. ಅದರಲ್ಲಿ ಗಾಡಿ ನಂಬರ್, ಚಾಸಿಸ್ ಮತ್ತು ಎಂಜಿನ್ ನಂಬರ್, ಮೀಟರ್ ರೀಡಿಂಗ್, ಕೊಟ್ಟ ಮೊತ್ತ, ತಾರೀಖಿನ ಜೊತೆ ಗಂಟೆ ನಿಮಿಷ ಕೂಡ ಇರಲಿ. ಅಂದು ಮಧ್ಯಾಹ್ನ ಎರಡಕ್ಕೆ ನೀವು ಗಾಡಿ ಪಡೆದಿದ್ದರೆ, ಬೆಳಿಗ್ಗೆ ಹನ್ನೊಂದರ ದಂಡಕ್ಕೋ ಅಪಘಾತಕ್ಕೋ ಅವರು ಹೊಣೆ. ಚಾಸಿಸ್ ನಂಬರನ್ನು ಆರ್‌ಸಿ ನೋಡಿ ಬರೆಯಬೇಡಿ. ಗಾಡಿಯ ಮೇಲೆ ಕೊರೆದಿರುವುದನ್ನು ಬಟ್ಟೆಯಿಂದ ಒರೆಸಿ, ಒಂದೊಂದೇ ಅಂಕಿ ಓದಿ ಬರೆದು, ಆಮೇಲೆ ಆರ್‌ಸಿಗೆ ತಾಳೆ ನೋಡಿ. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನ ಅವಕಾಶ ಇದೆ. ಆದರೆ ಮರುದಿನವೇ ಅರ್ಜಿ ಹಾಕಿ.